ತಂದೆಯ ಹಕ್ಕಿಗಿಂತ ಮೊದಲು ಮಗುವಿನ ಹಕ್ಕು

1999ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ನೆಲೆಸಿದ್ದ ಟರ್ಕಿಯ ವ್ಯಕ್ತಿಯೊಬ್ಬರಿಗೆ ಗಂಡುಮಗು ಜನಿಸಿತು. ತಾಯಿ ಅವರ ಪತ್ನಿಯಾಗಿರಲಿಲ್ಲ. ಹೆರಿಗೆಯ ಮರುದಿನವೇ ಆಕೆ ಮಗುವನ್ನು ದತ್ತು ನೀಡಲು ಒಪ್ಪಿಸಿದರು. ತಡವಾಗಿ ವಿಷಯ ತಿಳಿದ ತಂದೆ ಮಗನನ್ನು ತಾನೇ ಸಾಕುವುದಾಗಿ ಮುಂದೆ ಬಂದರು. ಕೆಳಗಿನ ನ್ಯಾಯಾಲಯ ಒಪ್ಪಿತು. ಆದರೆ 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿ, ಮಗನ ಭೇಟಿಯನ್ನೂ ತಡೆಯಿತು. ಇದು ಕುಟುಂಬ ಜೀವನದ ಹಕ್ಕಿನ ಉಲ್ಲಂಘನೆಯೆಂದು 2004ರಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತ ಬಳಿಕವೂ ಹೋರಾಟ ಮುಗಿಯಲಿಲ್ಲ. ಮಗ ತಂದೆಯ ಮನೆ ಸೇರಿದ್ದು 2008ರಲ್ಲಿ. ತಾಯಿಯ ಒಪ್ಪಿಗೆಯಿಲ್ಲದೆಯೂ ಅವಿವಾಹಿತ ತಂದೆ ಪಾಲನಾಧಿಕಾರ ಕೋರಲು ಅವಕಾಶ ನೀಡುವ ಕಾನೂನನ್ನು ಜರ್ಮನಿ ರೂಪಿಸಿದ್ದು 2013ರಲ್ಲಿ. ವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಜಗತ್ತಿಗೆ ಪಾಠ ಹೇಳುವ ದೇಶವೊಂದು, ಹೊಣೆ ಹೊರಲು ಸಿದ್ಧನಾದ ತಂದೆಗೆ ಬಾಗಿಲು ತೆರೆಯಲು ಇಷ್ಟು ಕಾಲ ತೆಗೆದುಕೊಂಡಿತು.

ನಮ್ಮ ದೇಶದ ಸ್ಥಿತಿ ಏನು? ವಿವಾಹಬಾಹಿರವಾಗಿ ಜನಿಸಿದ ಮಗುವಿಗೂ ತಂದೆ ಜೀವನಾಂಶ ನೀಡಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಹೇಳುತ್ತಿತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅದನ್ನೇ ಮುಂದುವರಿಸಿದೆ. ಧರ್ಮ ಯಾವುದೇ ಇರಲಿ, ಈ ಹೊಣೆಯಿಂದ ಯಾರಿಗೂ ವಿನಾಯಿತಿ ಇಲ್ಲ. ಆದರೆ ಹಣ ಕೊಡಬೇಕಾದ ಆ ತಂದೆಗೂ ಮಗುವಿಗೂ ನಡುವಣ ಸಂಬಂಧ ಹೇಗಿರಬೇಕು ಎಂಬುದರ ಬಗ್ಗೆ ಆ ಕಲಂ ಏನನ್ನೂ ಹೇಳುವುದಿಲ್ಲ.

2015ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪೊಂದನ್ನು ನೀಡಿತು. ಅವಿವಾಹಿತ ಕ್ರೈಸ್ತ ಮಹಿಳೆಯೊಬ್ಬರು ತನ್ನ ಮಗನ ಪೋಷಕಿಯಾಗಲು ಅರ್ಜಿ ಸಲ್ಲಿಸಿದಾಗ, ಮಗುವಿನತ್ತ ತಿರುಗಿಯೂ ನೋಡದ ತಂದೆಗೆ ನೋಟೀಸು ನೀಡುವ ಅಗತ್ಯವಿಲ್ಲವೆಂದು ಅದು ಹೇಳಿತು. ಅದೇ ವೇಳೆ, ಪೋಷಕತ್ವದ ಆದೇಶ ಎಂದಿಗೂ ಅಂತಿಮವಲ್ಲ, ದೂರವಿದ್ದ ತಂದೆ ಮುಂದೆ ಮಗುವಿನ ಹಿತಕ್ಕಾಗಿ ನ್ಯಾಯಾಲಯಕ್ಕೆ ಬರಬಹುದು ಎಂದೂ ಸ್ಪಷ್ಟಪಡಿಸಿತು. ಇದು ನ್ಯಾಯವಾದ ನಿಲುವೆಂದು ನಾವು ಭಾವಿಸುತ್ತೇವೆ. ಹೆಣ್ಣನ್ನು ನಂಬಿಸಿ ಕೈಬಿಟ್ಟವನಿಗೆ, ಹಿಂಸಿಸಿದವನಿಗೆ, ವರ್ಷಗಳ ಬಳಿಕ ಬಂದು ಹಕ್ಕು ಚಲಾಯಿಸುವ ಅಧಿಕಾರವಿರಕೂಡದು. ಹೊಣೆ ಹೊರದವನಿಗೆ ಹಕ್ಕು ಎಲ್ಲಿಂದ ಬರಬೇಕು?

2025ರ ಜನವರಿಯಲ್ಲಿ ಜಾರಿಗೆ ಬಂದ ಉತ್ತರಾಖಂಡದ ಸಮಾನ ನಾಗರಿಕ ಸಂಹಿತೆಯು ಸಹಜೀವನದಿಂದ ಜನಿಸಿದ ಮಗುವನ್ನು ಸಕ್ರಮವೆಂದು ಘೋಷಿಸಿದೆ. ಮಗುವಿನ ಹಣೆಪಟ್ಟಿ ಕಳಚಿದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಇದೇ ಕಾಯ್ದೆ ಸಂಬಂಧವನ್ನು ನೋಂದಾಯಿಸದ ಜೋಡಿಯನ್ನು ಜೈಲಿಗೆ ಕಳುಹಿಸುವ ಬೆದರಿಕೆಯನ್ನೂ ಒಡ್ಡುತ್ತದೆ. ತಂದೆಯನ್ನು ಜೈಲಿಗಟ್ಟುವುದರಿಂದ ಮಗುವಿಗೆ ತಂದೆ ಸಿಗುವನೇ? ಸರಕಾರಿ ಕಡತದಲ್ಲಿ ಹೆಸರು ಬರೆದ ಮಾತ್ರಕ್ಕೆ ಕುಟುಂಬ ಕಟ್ಟಿದಂತಾಗುವುದಿಲ್ಲ.

ಇನ್ನು ನಮ್ಮ ಸಮುದಾಯದ ಮಾತು. ವಿವಾಹಬಾಹಿರ ಸಂಬಂಧ ಇಸ್ಲಾಮಿನಲ್ಲಿ ಮಹಾಪಾಪ. ಅದರಲ್ಲಿ ರಾಜಿಗೆ ಎಡೆಯಿಲ್ಲ. ಆದರೆ ಹೆತ್ತವರ ತಪ್ಪಿಗೆ ಮಗುವನ್ನು ಹೊಣೆ ಮಾಡುವುದನ್ನು ಕುರ್‌ಆನ್ ಒಪ್ಪುವುದಿಲ್ಲ. ತಂದೆ ಯಾರೆಂದು ತಿಳಿಯದವರನ್ನೂ ಧರ್ಮಸೋದರರೆಂದೇ ಕಾಣಲು ಅದು ಕಲಿಸುತ್ತದೆ. ನಮ್ಮಲ್ಲಿ ಪ್ರಚಲಿತವಿರುವ ಹನಫೀ ಮತ್ತು ಶಾಫಿಈ ಕರ್ಮಶಾಸ್ತ್ರಗಳು ಸಾಮಾನ್ಯವಾಗಿ ಇಂತಹ ಮಗುವಿನ ವಂಶವನ್ನು ತಾಯಿಗೆ ಮಾತ್ರ ಸೇರಿಸುತ್ತವೆ. ಆದರೆ ತಾಯಿ ಬೇರೊಬ್ಬನ ಪತ್ನಿಯಾಗಿರದೆ, ತಂದೆ ಮಗುವನ್ನು ತನ್ನದೆಂದು ಒಪ್ಪಿಕೊಂಡರೆ ವಂಶವನ್ನು ಅವನಿಗೆ ಸೇರಿಸಬಹುದೆಂಬ ಅಭಿಪ್ರಾಯವೂ ಇದೆ. ಇಬ್ನು ತೈಮಿಯ್ಯ ಮತ್ತು ಇಬ್ನುಲ್ ಖಯ್ಯಿಮ್ ಅದನ್ನು ಎತ್ತಿಹಿಡಿದವರು. ಈ ವಿಚಾರದಲ್ಲಿ ತೀರ್ಪು ನೀಡುವುದು ನಮ್ಮ ಕೆಲಸವಲ್ಲ. ವಿದ್ವಾಂಸರು ಕುಳಿತು ಚರ್ಚಿಸಲಿ ಎಂಬುದಷ್ಟೇ ನಮ್ಮ ಆಗ್ರಹ. ವಂಶದ ಪ್ರಶ್ನೆ ಇತ್ಯರ್ಥವಾಗುವವರೆಗೆ ಮಗುವಿನ ಹಸಿವು, ಶಿಕ್ಷಣ, ವಾತ್ಸಲ್ಯಗಳು ಕಾಯಬೇಕಾಗಿಲ್ಲ.

ವಾಸ್ತವದಲ್ಲಿ ಆಗುತ್ತಿರುವುದೇನು? ಇಂತಹ ಘಟನೆ ಬೆಳಕಿಗೆ ಬಂದಾಗ ಮೊಹಲ್ಲಾದ ಹಿರಿಯರು ಮರ್ಯಾದೆಯ ಹೆಸರಲ್ಲಿ ಎಲ್ಲವನ್ನೂ ಮುಚ್ಚಿಡಲು ಧಾವಿಸುತ್ತಾರೆ. ಹುಡುಗನನ್ನು ದೂರದೂರಿಗೆ ಸಾಗಹಾಕಲಾಗುತ್ತದೆ. ಹುಡುಗಿ ಜೀವನಪರ್ಯಂತ ತಲೆತಗ್ಗಿಸುತ್ತಾಳೆ. ಮಗು ಅನಾಥಾಲಯದ ಪಾಲಾಗುತ್ತದೆ. ತಪ್ಪು ಮಾಡಿದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಈ ವಿನಾಯಿತಿ ಏಕೆ? ಪಶ್ಚಾತ್ತಾಪಪಟ್ಟು ಮಗುವಿನ ಹೊಣೆ ಹೊರಲು ಬರುವ ಯುವಕನನ್ನು ಅವಮಾನಿಸಿ ಅಟ್ಟುವ ಮೂಲಕ ನಾವು ಯಾವ ನೈತಿಕತೆಯನ್ನು ಕಾಪಾಡುತ್ತಿದ್ದೇವೆ?

ಮೊಹಲ್ಲಾ ಸಮಿತಿಗಳು ಇಂತಹ ಪ್ರಕರಣಗಳಲ್ಲಿ ಮೊದಲು ತಾಯಿಯ ಸುರಕ್ಷತೆಯನ್ನು, ಬಳಿಕ ಮಗುವಿನ ಜೀವನಾಂಶವನ್ನು ಖಚಿತಪಡಿಸಲಿ. ತಂದೆ ಯೋಗ್ಯನಾಗಿದ್ದರೆ, ಭೇಟಿಯಿಂದ ಮಗುವಿಗೆ ಹಿತವಾಗುವುದಾದರೆ, ಅದಕ್ಕೂ ದಾರಿ ಮಾಡಿಕೊಡಲಿ. ವಿವಾಹವನ್ನು ವರದಕ್ಷಿಣೆ ಮತ್ತು ದುಂದುವೆಚ್ಚದಿಂದ ಮುಕ್ತಗೊಳಿಸಿ ಸರಳವಾಗಿಸಿದರೆ ಇಂತಹ ಎಷ್ಟೋ ದುರಂತಗಳನ್ನು ಮೊದಲೇ ತಡೆಯಬಹುದು. ಪಾಪವನ್ನು ವಿರೋಧಿಸೋಣ. ಆದರೆ ಅದರ ದಂಡವನ್ನು ತೊಟ್ಟಿಲಲ್ಲಿರುವ ಕೂಸಿನಿಂದ ವಸೂಲಿ ಮಾಡದಿರೋಣ.