ಕಾರವಾರದ ಬಂದರು ಮತ್ತು ನಮ್ಮ ನೌಕಾಬಲ

ಪುಣೆಯಿಂದ ಕಡಲು ಕಾಣಿಸದು. ಆದರೂ ನೌಕಾದಳದ ಭಾವೀ ಅಧಿಕಾರಿಗಳು ನಮ್ಮ ಖಡಕವಾಸಲೆಯಲ್ಲಿಯೇ ಶಿಕ್ಷಣ ಪಡೆಯುತ್ತಾರೆ. ಹಡಗಿನ ಯಂತ್ರಗಳ ವಿದ್ಯೆಯನ್ನು ಹತ್ತಿರದ ಲೋಣಾವಳೆಯಲ್ಲಿ ಕಲಿಸುತ್ತಾರೆ. ಇಷ್ಟಿದ್ದೂ ನೌಕಾಬಲವೆಂದರೆ ಹಡಗುಗಳ ಎಣಿಕೆಯೆಂದೇ ನಮ್ಮಲ್ಲಿ ಅನೇಕರ ಭಾವನೆ. ಅದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ. ಎಂಥ ಯುದ್ಧನೌಕೆಯೇ ಆಗಲಿ, ಇಂಧನಕ್ಕೂ ದುರಸ್ತಿಗೂ ದಡಕ್ಕೆ ಬರಲೇಬೇಕು. ದಡವು ಸಿದ್ಧವಿಲ್ಲದಿದ್ದರೆ ಹಡಗು ಇದ್ದೂ ಇಲ್ಲದಂತೆಯೇ.

ಇದಕ್ಕೆ ಕಾರವಾರವೇ ನಿದರ್ಶನ. ಪಶ್ಚಿಮ ತೀರದಲ್ಲಿ ನೌಕಾದಳಕ್ಕೆ ಬಹುಕಾಲ ಮುಂಬಯಿಯೇ ಮುಖ್ಯ ಆಸರೆಯಾಗಿತ್ತು. ಅಲ್ಲಿ ವ್ಯಾಪಾರದ ಹಡಗುಗಳ ದಟ್ಟಣೆ, ಬೆಳೆಯಲು ಸ್ಥಳವಿಲ್ಲ. ಬಲವನ್ನೆಲ್ಲ ಒಂದೇ ಬಂದರಿನಲ್ಲಿ ಕೂಡಿಹಾಕುವುದೂ ವಿವೇಕವಲ್ಲ. ಕಾರವಾರವಾದರೋ ಮುಂಬಯಿ ಮತ್ತು ಕೊಚ್ಚಿಗಳ ನಡುವೆ ಇದೆ. ಅದರ ಬೆನ್ನಿಗೆ ಸಹ್ಯಾದ್ರಿ, ಎದುರಿಗೆ ಅಂಜದೀವ ದ್ವೀಪ. 1961ರ ಡಿಸೆಂಬರಿನಲ್ಲಿ ಆ ದ್ವೀಪವನ್ನು ಪೋರ್ತುಗೀಸರಿಂದ ಬಿಡಿಸುವಾಗ ನಮ್ಮ ಏಳು ಮಂದಿ ನಾವಿಕರು ಪ್ರಾಣತೆತ್ತರು. (ಆ ಕಾರ್ಯಾಚರಣೆಯಲ್ಲಿದ್ದ ನೌಕೆಗಳಲ್ಲೊಂದರ ಹೆಸರು ‘ಮೈಸೂರು’ ಎಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು.) ಈ ಕರಾವಳಿಯ ಬೆಲೆ ಹಿಂದಿನವರಿಗೂ ತಿಳಿದಿತ್ತು, 1665ರಲ್ಲಿ ಶಿವಾಜಿ ಮಹಾರಾಜರು ಬಸರೂರಿಗೆ ದಂಡೆತ್ತಿ ಹೋದುದು ಸಮುದ್ರಮಾರ್ಗವಾಗಿಯೇ.

ಕಾರವಾರದ ನೌಕಾನೆಲೆಗೆ 1986ರಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲಿಟ್ಟರು. ಕೆಲಸ ಕುಂಟುತ್ತ ಸಾಗಿ, 2005ರಲ್ಲಿ ನೆಲೆಯು ಬನವಾಸಿಯ ಅರಸುಮನೆತನದ ನೆನಪಾಗಿ ‘ಕದಂಬ’ ಎಂಬ ಹೆಸರಿನಿಂದ ಸೇವೆಗೆ ಸೇರಿತು. ಹತ್ತು ಸಾವಿರ ಟನ್ನು ತೂಕದ ಹಡಗನ್ನೂ ನೀರಿನಿಂದ ಮೇಲೆತ್ತಿ, ಹಳಿಗಳ ಮೇಲೆ ನೆಲಕ್ಕೆ ಸಾಗಿಸಿ, ದುರಸ್ತಿಗೆ ನಿಲ್ಲಿಸುವ ಯಂತ್ರವ್ಯವಸ್ಥೆ ಅಲ್ಲಿದೆ. ರಷ್ಯದಿಂದ ಹೊರಟ ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ವು 2014ರ ಜನವರಿಯಲ್ಲಿ ಬಂದು ತಂಗಿದ್ದು ಇಲ್ಲಿಯೇ.

ಇಷ್ಟಕ್ಕೆಲ್ಲ ನೆಲವು ಎಲ್ಲಿಂದ ಬಂದಿತು? ಕಾರವಾರ, ಅಂಕೋಲೆಗಳ ಕಡಲಂಚಿನ ಹಳ್ಳಿಗಳಿಂದ. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆಯನ್ನೂ ಗದ್ದೆಯನ್ನೂ ಬಲೆ ಒಣಗಿಸುವ ದಡವನ್ನೂ ಬಿಟ್ಟೆದ್ದವು. ಪರಿಹಾರದ ವ್ಯಾಜ್ಯಗಳೋ ವರ್ಷಗಟ್ಟಲೆ ಎಳೆದಾಡಿದವು. ದೇಶಕ್ಕಾಗಿ ತ್ಯಾಗ ಮಾಡಿದರೆಂದು ಹೊಗಳಿ ಕೈತೊಳೆದುಕೊಳ್ಳುವವರುಂಟು. ಇದು ಅನ್ಯಾಯ ಮಾತ್ರವಲ್ಲ, ರಕ್ಷಣೆಯ ದೃಷ್ಟಿಯಿಂದಲೂ ಅವಿವೇಕ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆರಗಿದ ಹಂತಕರು ಮೀನುಗಾರರ ದೋಣಿಯೊಂದನ್ನು ಅಪಹರಿಸಿಕೊಂಡೇ ಬಂದಿದ್ದರು. ಕಡಲಲ್ಲಿ ಅಪರಿಚಿತ ದೋಣಿಯನ್ನು ಮೊದಲು ಗುರುತಿಸಬಲ್ಲವನು ಮೀನುಗಾರನೇ. ಅವನ ಮನಸ್ಸು ಮುರಿದರೆ ಆ ಕಾವಲನ್ನು ಯಾವ ಹಡಗು ತುಂಬಿಕೊಟ್ಟೀತು?

ಆದುದರಿಂದ ನೆಲೆಯ ವಿಸ್ತರಣದಲ್ಲಿ ಆ ಕುಟುಂಬಗಳ ಮಕ್ಕಳಿಗೆ ಬೆಸುಗೆ, ವಿದ್ಯುತ್ತು, ಯಂತ್ರಗಳ ಕೆಲಸವನ್ನು ಕಲಿಸಬೇಕು. ಕಲಿತವರಿಗೆ ಅಲ್ಲಿನ ದುರಸ್ತಿ ಕಟ್ಟೆಯಲ್ಲಿಯೇ ಉದ್ಯೋಗ ಕೊಡಬೇಕು.