‘ಹಾಂ ಜೀ’ ಸಾಕು, 1909 ಒತ್ತಿ!



ಬೆಳಗ್ಗೆ ಕೆಲಸಕ್ಕೆ ಹೊರಟಿರುತ್ತೀರಿ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ಊರಿಂದ ಅಮ್ಮನೇನೋ ಎಂದು ಗಾಬರಿಯಿಂದ ಎತ್ತುತ್ತೀರಿ. ‘ನಮಸ್ತೆ ಸರ್, ಪರ್ಸನಲ್ ಲೋನ್ ಚಾಹಿಯೇ?’ ನೀವೂ ನಾಲಿಗೆ ತಿರುಚಿ ‘ನಹೀ ಚಾಹಿಯೇ ಜೀ’ ಎನ್ನುತ್ತೀರಿ. ಊರು ನಮ್ಮದು, ಫೋನು ನಮ್ಮದು, ದುಡ್ಡು ನಮ್ಮದು. ಬೇಡ ಎನ್ನುವುದಕ್ಕೂ ಪರಭಾಷೆಯೇ ಬೇಕೆ?

ಇದು ಬರೀ ಕಿರಿಕಿರಿಯ ಮಾತಲ್ಲ. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ಓದಿದ್ದು ನಾಲ್ಕನೇ ಕ್ಲಾಸು. ಒಂದು ದಿನ ಅವರಿಗೆ ಹಿಂದಿಯಲ್ಲಿ ಫೋನು ಬಂತು. ಬ್ಯಾಂಕಿನ ಹೆಸರು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಯಾರೋ ದೊಡ್ಡವರೆಂಬ ಮರ್ಯಾದೆಗೆ ಪ್ರತಿ ಮಾತಿಗೂ ‘ಹಾಂ ಜೀ’ ಎಂದರು. ಮುಂದಿನ ತಿಂಗಳು ಪಾಸ್‌ಬುಕ್ ನೋಡಿದರೆ, ಕೇಳದ ವಿಮೆಗೆ ಖಾತೆಯಿಂದ ಹಣ ಹೋಗಿತ್ತು! ಅದನ್ನು ವಾಪಸು ಪಡೆಯಲು ಮೂರು ದಿನದ ಕೂಲಿ ಬಿಟ್ಟು ಅಲೆದರು. ಕನ್ನಡದಲ್ಲಿ ಕೇಳಿದ್ದರೆ ‘ಬೇಡಪ್ಪಾ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಹಾಗೆಂದು ಬೈದು ಫೋನು ಕುಕ್ಕಿದರೆ ಪ್ರಯೋಜನವಿಲ್ಲ. ಆ ತುದಿಯ ಹುಡುಗಿಯೂ ಹೊಟ್ಟೆಪಾಡಿಗೆ ದುಡಿಯುವವಳೇ. ದನಿಯೇ ಯಂತ್ರದ್ದಾದರೆ ಬೈಗುಳ ಯಾರಿಗೆ ತಾಗೀತು? ಕಾನೂನು ಹಿಡಿಯಿರಿ.

ಜಾಹೀರಾತು ಕರೆಗಳಿಗೆ ಕಡಿವಾಣ ಹಾಕಲು ಟ್ರಾಯ್ 2018ರಲ್ಲಿ ನಿಯಮ ಮಾಡಿದೆ. 1909ಕ್ಕೆ ಫೋನು ಮಾಡಿ, ಇಂಥ ಕರೆ ಯಾವುದೂ ಬೇಡವೆಂದು ನೋಂದಾಯಿಸಿ. ಸಾಲ, ಸೈಟು, ಶಿಕ್ಷಣ ಎಂದು ಬೇಡದ್ದನ್ನಷ್ಟೇ ಆರಿಸಿಯೂ ತಡೆಯಬಹುದು. ಆಮೇಲೂ ಬಂದರೆ ಆ ನಂಬರು, ತಾರೀಖು, ಹೇಳಿದ ವಿಷಯ ಬರೆದಿಟ್ಟುಕೊಂಡು 7 ದಿನದೊಳಗೆ 1909ಕ್ಕೇ ದೂರು ಕೊಡಿ. ಜಾಹೀರಾತು ಕರೆಗೆ 140ರಿಂದ ಆರಂಭವಾಗುವ ನಂಬರುಗಳಿವೆ. ಮಾಮೂಲಿ ಹತ್ತಂಕಿಯ ನಂಬರಿನಿಂದ ವ್ಯಾಪಾರ ಮಾಡುವವನು ನಿಯಮ ಮುರಿಯುತ್ತಿದ್ದಾನೆ. 2025ರ ಫೆಬ್ರವರಿಯ ತಿದ್ದುಪಡಿಯಂತೆ, ಅಂಥವನ ಮೇಲೆ 10 ದಿನದಲ್ಲಿ 5 ದೂರು ಬಿದ್ದರೆ ಸಾಕು, ಕ್ರಮಕ್ಕೆ ದಾರಿಯಾಗುತ್ತದೆ. ಐದೇ ಐದು! ನಿಮ್ಮ ಬೀದಿಯ ಗೆಳೆಯರೇ ಸಾಲರೇ?

ಇನ್ನು ಭಾಷೆಯ ಮಾತು. ಸಾಲ ಕೊಡುವ ಬ್ಯಾಂಕೇತರ ಹಣಕಾಸು ಕಂಪನಿಗಳು ಸಾಲಗಾರನೊಂದಿಗೆ ಸ್ಥಳೀಯ ಭಾಷೆಯಲ್ಲಿ, ಇಲ್ಲವೇ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವ್ಯವಹರಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. ಇದು ಯಾರೋ ನೀಡುವ ಭಿಕ್ಷೆಯಲ್ಲ, ನಮ್ಮ ಹಕ್ಕು. ನಿಮಗೆ ನಿಜವಾಗಿ ಬೇಕಾದ ಕರೆಯೇ ಆಗಿರಲಿ, ‘ಕನ್ನಡದಲ್ಲಿ ಹೇಳಿ’ ಎಂದು ಶಾಂತವಾಗಿ, ಗಟ್ಟಿಯಾಗಿ ಕೇಳಿ. ನಾವು ಕೇಳದಿದ್ದರೆ, ಕನ್ನಡಕ್ಕೆ ಗಿರಾಕಿಯೇ ಇಲ್ಲವೆಂದು ಅವರು ಲೆಕ್ಕ ಬರೆದುಕೊಳ್ಳುತ್ತಾರೆ. ಕನ್ನಡ ಬಲ್ಲ ನಮ್ಮ ಹುಡುಗ ಹುಡುಗಿಯರ ಕೆಲಸವೂ ಆ ಲೆಕ್ಕದಲ್ಲೇ ಕಳೆದುಹೋಗುತ್ತದೆ.

ಯಾವ ಭಾಷೆಯಲ್ಲಿ ಕೇಳಿದರೂ ಓಟಿಪಿ ಮಾತ್ರ ಕೊಡಬೇಡಿ. ಮೋಸವಾದರೆ ತಡಮಾಡದೆ 1930ಕ್ಕೆ ತಿಳಿಸಿ.

ಈ ಭಾನುವಾರ ಒಂದು ಕೆಲಸ ಮಾಡಿ. ಮೊದಲು ಅಪ್ಪ ಅಮ್ಮನ ಫೋನು, ಆಮೇಲೆ ಪಕ್ಕದ ಮನೆಯ ಅಜ್ಜಿಯ ಫೋನು ಹಿಡಿದು 1909ರಲ್ಲಿ ನೋಂದಾಯಿಸಿ. ‘ಬೇಡ’ ಎನ್ನುವುದನ್ನೂ, ‘ಕನ್ನಡದಲ್ಲಿ ಹೇಳಿ’ ಎನ್ನುವುದನ್ನೂ ಅವರಿಗೆ ಕಲಿಸಿ. ವೇದಿಕೆಯ ಮೇಲಿನ ಭಾಷಣಕ್ಕಿಂತ ಇದು ದೊಡ್ಡ ಕನ್ನಡದ ಕೆಲಸ.

ಸಿರಿಗನ್ನಡಂ ಗೆಲ್ಗೆ!