ಹಳೆಯ ವಿಂಡೋಸ್‌ಗೆ ಮರಳುವ ಮುನ್ನ

ವಿಂಡೋಸ್ 10 ಇದ್ದ ಕಂಪ್ಯೂಟರಿಗೆ ವಿಂಡೋಸ್ 11 ಬಂದು ಕೂತ ಮೇಲೂ ಹಳೆಯದು ಅಳಿದುಹೋಗಿರುವುದಿಲ್ಲ. ಸಿ ಡ್ರೈವ್ ತೆರೆದರೆ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಕಾಣುತ್ತದೆ. ಮನೆಗೆ ಹೊಸ ಸಾಮಾನು ಬಂದಾಗ ಹಳೆಯದನ್ನು ಅಟ್ಟಕ್ಕೆ ಹಾಕುವ ಹಾಗೆ, ಹಿಂದಿನ ವ್ಯವಸ್ಥೆ ಅಲ್ಲಿ ಕಾದಿರುತ್ತದೆ. ಹೊಸದು ಒಗ್ಗದಿದ್ದರೆ ಸುಲಭವಾಗಿ ಹಿಂದಿರುಗಲು ಸಾಧ್ಯವಾಗುವುದು ಈ ಫೋಲ್ಡರಿನಿಂದಲೇ.

ಆದರೆ ಅದರ ಆಯಸ್ಸು ಹತ್ತೇ ದಿನ. 2015ರಲ್ಲಿ ವಿಂಡೋಸ್ 10 ಬಂದಾಗ ಮೂವತ್ತು ದಿನಗಳ ಅವಕಾಶವಿತ್ತು. ಮರುವರ್ಷದ ಆನಿವರ್ಸರಿ ಅಪ್‌ಡೇಟ್ ಅದನ್ನು ಹತ್ತಕ್ಕೆ ಇಳಿಸಿತು. ಫೋಲ್ಡರ್ ಬಹಳ ಜಾಗ ತಿನ್ನುವುದರಿಂದ ಅವಧಿ ಮುಗಿದ ಮೇಲೆ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್ ಓಡಿಸಿ ಎಲ್ಲಕ್ಕೂ ಟಿಕ್ ಹಾಕಿದವರು ಮೊದಲ ದಿನವೇ ಆ ದಾರಿ ಮುಚ್ಚಿಕೊಂಡಿರುತ್ತಾರೆ. ಹತ್ತು ದಿನ ಸಾಲದು ಎನಿಸಿದರೆ, ಅವಧಿ ಮುಗಿಯುವ ಮುನ್ನವೇ ‘ಡಿಸ್ಮ್’ ಎಂಬ ಆದೇಶದ ಮೂಲಕ ಅರವತ್ತು ದಿನಗಳವರೆಗೆ ವಿಸ್ತರಿಸಬಹುದು. ಅಂಗಡಿಯಿಂದಲೇ ವಿಂಡೋಸ್ 11 ಹಾಕಿಸಿಕೊಂಡು ಬಂದ ಲ್ಯಾಪ್‌ಟಾಪಿನಲ್ಲಿ ಮಾತ್ರ ವಿಂಡೋಸ್ 10ರ ಇಂಥ ಅಟ್ಟ ಇರುವುದೇ ಇಲ್ಲ.

ಅವಧಿಯೊಳಗಿದ್ದರೆ ಕೆಲಸ ಸರಳ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ರಿಕವರಿ, ಅಲ್ಲಿ ‘ಗೋ ಬ್ಯಾಕ್’. ನಿಮ್ಮ ಪತ್ರ, ಫೋಟೊ, ಹಾಡು ಇದ್ದಲ್ಲೇ ಇರುತ್ತವೆ. ಹೊಸ ವಿಂಡೋಸ್ ಬಂದ ಮೇಲೆ ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ, ಬದಲಿಸಿದ ಸೆಟ್ಟಿಂಗ್‌ಗಳೂ ಹೋಗುತ್ತವೆ. ಹಿಂದೆ ಲಾಗಿನ್ ಆಗಲು ಬಳಸುತ್ತಿದ್ದ ಪಾಸ್‌ವರ್ಡ್ ನೆನಪಿರಬೇಕು. ಇಷ್ಟಾದರೂ, ಫೈಲುಗಳ ಇನ್ನೊಂದು ಪ್ರತಿ ಕೈಯಲ್ಲಿಲ್ಲದೆ ಆ ಗುಂಡಿ ಒತ್ತಬೇಡಿ. ನಡುವೆ ಕರೆಂಟು ಹೋದರೆ ನಿಮ್ಮನ್ನು ಕಾಯುವುದು ಆ ಪ್ರತಿಯೊಂದೇ.

ಆ ಅವಧಿ ಕಳೆದ ಮೇಲೆ ಕಥೆ ಬೇರೆ. ಆಗ ಹಳೆಯ ವಿಂಡೋಸ್ ಅನ್ನು ಹೊಸದಾಗಿಯೇ ಹಾಕಬೇಕು. ಮೇಲಿನ ಆವೃತ್ತಿಗೆ ಏರುವಾಗ ‘ಫೈಲು, ತಂತ್ರಾಂಶ ಎಲ್ಲ ಉಳಿಸಿಕೊಳ್ಳಲೇ’ ಎಂದು ಕೇಳುವ ಇನ್‌ಸ್ಟಾಲರ್, ಕೆಳಗಿಳಿಯುವಾಗ ಹಾಗೆ ಕೇಳುವುದಿಲ್ಲ. ಇದು ಕಂಪನಿಯ ಹಟವಲ್ಲ. ಹೊಸ ಆವೃತ್ತಿ ಬರೆಯುವವರ ಮುಂದೆ ಹಳೆಯದು ಇರುತ್ತದೆ. ಹಳೆಯ ಸೆಟ್ಟಿಂಗು, ಹಳೆಯ ಕಡತದ ರಚನೆಯನ್ನು ಹೊಸದಕ್ಕೆ ಹೇಗೆ ಬದಲಿಸಬೇಕೆಂದು ಅವರು ಅದರೊಳಗೇ ಬರೆದಿಡಬಲ್ಲರು. ಹಳೆಯದನ್ನು ಬರೆದವರಿಗೆ ಮುಂದೆ ಬರುವುದರ ಸುಳಿವೇ ಇರಲಿಲ್ಲ. ಅಜ್ಜನ ಕೈಬರಹವನ್ನು ಮೊಮ್ಮಗ ಕಲಿತು ಓದಿಯಾನು. ಮೊಮ್ಮಗ ಮುಂದೊಂದು ದಿನ ಬರೆಯಲಿರುವುದನ್ನು ಅಜ್ಜ ಓದುವುದು ಎಲ್ಲಿಂದ? ಐಫೋನಿನಲ್ಲೂ ಹೀಗೆಯೇ: ಹೊಸ ಐಒಎಸ್‌ನಲ್ಲಿ ತೆಗೆದ ಬ್ಯಾಕಪ್ಪನ್ನು ಹಳೆಯ ಐಒಎಸ್‌ಗೆ ತುಂಬಿಸಲು ಬರುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಹಳೆಯ ಆವೃತ್ತಿಗೆ ಇಳಿಸುವಾಗ ಸಾಮಾನ್ಯವಾಗಿ ಒಳಗಿರುವುದೆಲ್ಲ ಅಳಿಯುತ್ತದೆ.

ಹಾಗಾಗಿ ದತ್ತಾಂಶ ಉಳಿಸುವ ಕೆಲಸ ವಿಂಡೋಸ್‌ನದಲ್ಲ, ನಮ್ಮದು. ರಿಪೇರಿ ಅಂಗಡಿಯಲ್ಲಿ ‘ಡೇಟಾ ಎಲ್ಲ ಡಿ ಡ್ರೈವ್‌ಗೆ ಹಾಕಿಬಿಡಿ ಸಾರ್, ಸಿ ಫಾರ್ಮ್ಯಾಟ್ ಮಾಡ್ತೀವಿ’ ಎನ್ನುವುದುಂಟು. ಸುಳ್ಳೇನಲ್ಲ. ಆದರೆ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಇನ್‌ಸ್ಟಾಲ್ ಮಾಡುವಾಗ ತಪ್ಪು ಸಾಲನ್ನು ಆರಿಸಿ ಅಳಿಸಿದರೆ ಡಿ ಕೂಡ ಹೋಯಿತು. ಪ್ರತಿ ಇರಬೇಕಾದದ್ದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಕೆಲಸ ನಡೆಯುವಾಗ ಕೇಬಲ್ ಕಿತ್ತಿಟ್ಟು.

ಏನನ್ನು ನಕಲು ಮಾಡಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಾಗುತ್ತವೆ, ಡೌನ್‌ಲೋಡ್ಸ್ ಮರೆತುಹೋಗುತ್ತದೆ. ಒನ್‌ಡ್ರೈವ್ ಬಳಸುವವರಿಗೆ ಇನ್ನೊಂದು ಬಲೆಯಿದೆ: ಮೋಡದ ಚಿಹ್ನೆ ಇರುವ ಫೈಲು ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ, ಹೆಸರಷ್ಟೇ ಇದೆ. ಬ್ರೌಸರಿನ ಬುಕ್‌ಮಾರ್ಕು, ಪಾಸ್‌ವರ್ಡುಗಳು ‘ಆ್ಯಪ್‌ಡೇಟಾ’ ಎಂಬ ಮರೆಯಾದ ಫೋಲ್ಡರಿನಲ್ಲಿರುತ್ತವೆ. ಟ್ಯಾಲಿಯ ಲೆಕ್ಕ ಎಲ್ಲಿದೆಯೆಂಬುದನ್ನು ಟ್ಯಾಲಿಯಲ್ಲೇ ನೋಡಿ ಗುರುತು ಹಾಕಿಕೊಳ್ಳಬೇಕು.

ಕನ್ನಡದವರು ಮರೆಯಬಾರದ ಇನ್ನೊಂದಿದೆ, ಫಾಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಬೆರಳಚ್ಚಾದ ಕಡತಗಳಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಆ ಫಾಂಟು. ಹೊಸದಾಗಿ ವಿಂಡೋಸ್ ಹಾಕಿದಾಗ ಫಾಂಟು ಹೋಗಿ, ಇಪ್ಪತ್ತು ವರ್ಷದ ಹಿಂದೆ ಬರೆದ ಕಥೆಯೊಂದು ಅರ್ಥವಿಲ್ಲದ ರೋಮನ್ ಗೀಚುಗಳಾಗಿ ತೆರೆದುಕೊಳ್ಳುತ್ತದೆ. ಫೈಲು ಕೆಟ್ಟಿತೆಂದು ಅಳಿಸಬೇಡಿ. ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ‘ವಿಂಡೋಸ್’ ಫೋಲ್ಡರಿನೊಳಗಿನ ‘ಫಾಂಟ್ಸ್’ನಿಂದ ಅವುಗಳನ್ನು ಮೊದಲೇ ಎತ್ತಿಟ್ಟುಕೊಳ್ಳುವುದು ಐದು ನಿಮಿಷದ ಕೆಲಸ.

ಬಿಟ್‌ಲಾಕರ್ ಬಗ್ಗೆಯೂ ಎಚ್ಚರ ಬೇಕು. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ನಮಗೆ ಗೊತ್ತಿಲ್ಲದೆಯೇ ಗೂಢಲಿಪಿಯಲ್ಲಿರುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಬಯೋಸ್‌ನಲ್ಲಿ ಏನಾದರೂ ಬದಲಿಸಿದರೆ, ಮುಂದಿನ ಬಾರಿ ಅದು 48 ಅಂಕಿಗಳ ಕೀಲಿ ಕೇಳಬಹುದು. ಕೀಲಿ ಇಲ್ಲದಿದ್ದರೆ ಒಳಗಿನದನ್ನು ಯಾರೂ ತೆಗೆಯಲಾರರು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊದಲು ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿ ಹಿಂದಿರುಗಬೇಕೇ ಎಂಬುದನ್ನೂ ಕೇಳಿಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಎಂದು ಕಂಪನಿ ಪ್ರಕಟಿಸಿತು. ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂಬುದಷ್ಟೇ ಕಾರಣವಾದರೆ ಅದರ ಹೊಸ ಡ್ರೈವರ್ ಹುಡುಕುವುದು ಮೇಲು. ಹಳೆಯದರಲ್ಲಿ ಮಾತ್ರ ನಡೆಯುವ ತಂತ್ರಾಂಶವೊಂದು ಹೊಟ್ಟೆಪಾಡಿಗೆ ಬೇಕೇ ಬೇಕು ಎನ್ನುವವರು ಹಿಂದಿರುಗಲಿ. ಹೊರಡುವ ಮೊದಲು, ಪ್ರತಿ ಮಾಡಿಟ್ಟ ಹಾರ್ಡ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ನಾಲ್ಕಾರು ಫೋಟೊ, ಒಂದೆರಡು ಪತ್ರ ತೆರೆದು ನೋಡಲಿ. ಅವು ಅಲ್ಲಿ ತೆರೆದುಕೊಳ್ಳುವವರೆಗೆ ಫಾರ್ಮ್ಯಾಟ್ ಮಾಡಿಸಲು ಅವಸರವೇನೂ ಇಲ್ಲ.